ಚೆನ್ನಾಗಿ ಕಾಣುವ ಕಣ್ಣನ್ನೇ ಮುಚ್ಚಿದ ವರ್ಷ

ಕಳೆದ ವಾರ ಡಾಕ್ಟರು ನಮ್ಮ ಮಗಳ ಪ್ಯಾಚ್ ನಿಲ್ಲಿಸಿದರು. ಪ್ಯಾಚ್ ಎಂದರೆ ಸೋಮಾರಿ ಕಣ್ಣಿಗೆ ಕೆಲಸ ಕೊಡಲು ಚೆನ್ನಾಗಿ ಕಾಣುವ ಕಣ್ಣಿನ ಮೇಲೆ ಅಂಟಿಸುವ ಪಟ್ಟಿ. ವರ್ಷಕ್ಕೂ ಮೇಲೆ ಇದರ ಹಿಂದೆ ಓಡಾಡಿದ್ದಾಯಿತು. ಶುರುವಿನಲ್ಲಿ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. ಯಾರಿಗೆ ತೋರಿಸಬೇಕು, ಯಾವ ಪರೀಕ್ಷೆ ಯಾಕೆ, ಒಂದು ಕನ್ನಡಕ ಕೊಡೋಕೆ ಅಷ್ಟು ಸಲ ಯಾಕೆ ಕರೆಯುತ್ತಾರೆ, ಎಲ್ಲವೂ ಗೊಂದಲ. ಬೆಂಗಳೂರಿನಲ್ಲಿ ಇನ್ನೂ ಎಷ್ಟೋ ಅಪ್ಪ ಅಮ್ಮಂದಿರು ಈಗ ಅದೇ ಸ್ಥಿತಿಯಲ್ಲಿ ಇರುತ್ತಾರೆ. ಅವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಔಷಧಿ, ಗಂಟೆ, ನಂಬರ್ ಎಲ್ಲ ನಿಮ್ಮ ಮಗುವಿಗೆ ನಿಮ್ಮ ಡಾಕ್ಟರು ಹೇಳಿದ್ದೇ ಸರಿ.

ಮಗಳು ಆಗ ಒಂದನೇ ಕ್ಲಾಸು. ಶಾಲೆಯಲ್ಲಿ ಕಣ್ಣಿನ ತಪಾಸಣೆ ಮಾಡಿ ಒಂದು ಚೀಟಿ ಕಳಿಸಿದ್ದರು. ಬಲಗಣ್ಣು 6/6, ಎಡಗಣ್ಣು 6/36, ಕಣ್ಣಿನ ವೈದ್ಯರಿಗೆ ತೋರಿಸಿ ಎಂದಿತ್ತು. ಆಟ ಆಡಿರುತ್ತಾಳೆ ಅಂದುಕೊಂಡೆವು. ಯಾಕೆಂದರೆ ಇವಳು ಅಜ್ಜಿ ಜೊತೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುವ ಹುಡುಗಿ. ಬಸ್ಸು ಸ್ಟಾಪಿಗೆ ಬರುವ ಮುಂಚೆಯೇ ನಂಬರ್ ಹೇಳುತ್ತಾಳೆ. ಟಿವಿ ಹತ್ತಿರ ಹೋಗಿ ಕೂರುವುದಿಲ್ಲ, ತಲೆನೋವು ಅಂದದ್ದಿಲ್ಲ, ಮೆಳ್ಳೆಗಣ್ಣೂ ಇಲ್ಲ.

ಆ ರಾತ್ರಿ ಗೋಡೆಯ ಕ್ಯಾಲೆಂಡರ್ ಮುಂದೆ ನಿಲ್ಲಿಸಿ ನೋಡಿದೆವು. ಎಡಗಣ್ಣು ಮುಚ್ಚಿದರೆ ತಿಥಿ ನಕ್ಷತ್ರದ ಸಣ್ಣ ಅಕ್ಷರವನ್ನೂ ಕೂಡಿಸಿ ಕೂಡಿಸಿ ಓದಿದಳು. ಬಲಗಣ್ಣು ಮುಚ್ಚಿದ ತಕ್ಷಣ ನನ್ನ ಕೈ ತಳ್ಳಿದಳು. ಮತ್ತೆ ಮುಚ್ಚಿದರೆ ಸಿಟ್ಟು ಬಂತು. ಕೊನೆಗೆ ದಪ್ಪ ತಾರೀಖು ಮಾತ್ರ ಓದಿದಳು, ಅದೂ ಎರಡು ಹೆಜ್ಜೆ ಮುಂದೆ ಹೋಗಿ. 6/36 ಎಂದರೆ ಸರಿಯಾದ ಕಣ್ಣು 36 ಮೀಟರ್ ದೂರದಿಂದ ಓದುವ ಅಕ್ಷರವನ್ನು ಈ ಕಣ್ಣು 6 ಮೀಟರ್‌ನಿಂದ ಓದುತ್ತದೆ ಅಂತ. ಒಂದು ಕಣ್ಣು ಚೆನ್ನಾಗಿದ್ದರೆ ಮಗು ಏನನ್ನೂ ಹೇಳುವುದಿಲ್ಲ. ಅದಕ್ಕೆ ಹಾಗೆ ಕಾಣುವುದೇ ರೂಢಿ. ನೀವೂ ಮನೆಯಲ್ಲಿ ಒಂದ್ಸಲ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳಲ್ಲಿ ಮುಚ್ಚಿಸಬೇಡಿ, ಸಂದಿಯಲ್ಲಿ ಇಣುಕುತ್ತಾರೆ. ನಿಮ್ಮ ಅಂಗೈಯಲ್ಲೇ ಒತ್ತದೆ ಮುಚ್ಚಿ.

ಮನೆಯಲ್ಲಿ ಸುದ್ದಿ ಹರಡಿದ ಕೂಡಲೇ ಔಷಧಿಗಳು ಶುರುವಾದವು. ನಮ್ಮತ್ತೆ ಮಾರನೇ ದಿನವೇ ಹೊನಗೊನೆ ಸೊಪ್ಪಿನ ಪಲ್ಯ ಮಾಡಿದರು. ತಲೆಗೆ ಹರಳೆಣ್ಣೆ ಬಿತ್ತು. ದಿನಾ ಕ್ಯಾರೆಟ್. ಸೊಪ್ಪು ತಿಂದರೆ ಒಳ್ಳೆಯದೇ, ಎ ವಿಟಮಿನ್ ಕಡಿಮೆಯಾದರೆ ಕಣ್ಣಿಗೆ ನಿಜಕ್ಕೂ ತೊಂದರೆ. ಆದರೆ ನಂಬರ್ ಬರುವುದು ಕಣ್ಣುಗುಡ್ಡೆಯ ಅಳತೆ ಮತ್ತು ಆಕಾರದಿಂದ. ಅದು ಸೊಪ್ಪಿಗೆ ಬಗ್ಗುವುದಿಲ್ಲ. ಇದನ್ನು ಅತ್ತೆಗೆ ನಾನು ಹೇಳಲಿಲ್ಲ, ಡಾಕ್ಟರ ಬಾಯಿಂದ ಹೇಳಿಸಿದೆ. ನೀವೂ ಹಾಗೇ ಮಾಡಿ.

ಇನ್ನು ಎಲ್ಲಿ ತೋರಿಸುವುದು? ಪಕ್ಕದ ಕನ್ನಡಕದ ಅಂಗಡಿಯವರು ಕಂಪ್ಯೂಟರ್ ಟೆಸ್ಟ್ ಮಾಡಿ ಸಂಜೆಗೇ ಕನ್ನಡಕ ಕೊಡುತ್ತೇವೆ ಅಂದರು. ನಮ್ಮೆಜಮಾನರಿಗೂ ಅದೇ ಸುಲಭ ಅನ್ನಿಸಿತ್ತು. ಆದರೆ ಚಿಕ್ಕ ಮಕ್ಕಳ ಕಣ್ಣು ತಾನೇ ಹೊಂದಿಸಿಕೊಂಡು ನಿಜವಾದ ಪ್ಲಸ್ ನಂಬರನ್ನು (ಹತ್ತಿರದ್ದು ಹೆಚ್ಚು ಮಂಜಾಗುವ ದೋಷದ ನಂಬರ್) ಮುಚ್ಚಿಟ್ಟುಬಿಡುತ್ತದೆ. ಡ್ರಾಪ್ಸ್ ಅಥವಾ ಮುಲಾಮು ಹಾಕಿ ಆ ಹೊಂದಿಸುವ ಶಕ್ತಿಯನ್ನು ಸ್ವಲ್ಪ ಕಾಲ ನಿಲ್ಲಿಸಿಯೇ ನಂಬರ್ ನೋಡಬೇಕು. ಹಾಗಾಗಿ ಮಕ್ಕಳ ಕಣ್ಣಿನ ಡಾಕ್ಟರೇ ಬೇಕು. ಚಾಮರಾಜಪೇಟೆಯ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆ ಇದೆ, ಕೆ.ಆರ್. ಮಾರ್ಕೆಟ್ ಮೆಟ್ರೋ ಸ್ಟೇಷನ್ನಿಂದ ದೂರವೇನಲ್ಲ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನ ಮಗನಿಗೆ ಅಲ್ಲೇ ತೋರಿಸಿದ್ದು. ಬೆಳಗ್ಗೆ ಬೇಗ ಹೋಗಬೇಕು, ಜನ ಜಾಸ್ತಿ, ದುಡ್ಡು ತೀರಾ ಕಡಿಮೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಾದರೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬಂದು ಕಣ್ಣನ್ನೂ ನೋಡುತ್ತದೆ. ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಉಚಿತ ಕನ್ನಡಕವೂ ಸಿಗುತ್ತದೆ. ಶಾಲೆಯಲ್ಲಿ ಕೇಳಿ, ನಾಚಿಕೊಳ್ಳಬೇಡಿ.

ನಾವು ಖಾಸಗಿ ಆಸ್ಪತ್ರೆಗೆ ಹೋದೆವು. ಮಕ್ಕಳ ವಿಭಾಗದ ಡಾಕ್ಟರು ವಾರದಲ್ಲಿ ಕೆಲವು ದಿನ ಮಾತ್ರ. ಶನಿವಾರ ಸಿಗಲೇ ಇಲ್ಲ, ಎಲ್ಲರಿಗೂ ಶನಿವಾರವೇ ಬೇಕು. ವಾರದ ಮಧ್ಯೆ ಬೆಳಗ್ಗೆಯ ಮೊದಲ ಹೊತ್ತು ಕೇಳಿ, ಬೇಗ ಸಿಗುತ್ತದೆ. ಅಪಾಯಿಂಟ್‌ಮೆಂಟ್ ಹತ್ತು ಗಂಟೆಗೆ ಅಂದರೆ ಹತ್ತಕ್ಕೆ ಒಳಗೆ ಬಿಡುತ್ತಾರೆ ಅಂತಲ್ಲ. ಮೊದಲು ಚಾರ್ಟು, ಆಮೇಲೆ ಡ್ರಾಪ್ಸ್, ಆಮೇಲೆ ಕಾಯುವುದು, ಆಮೇಲೆ ಡಾಕ್ಟರು. ಅರ್ಧ ದಿನ ಹೋಯಿತು ಅಂತಲೇ ಇಟ್ಟುಕೊಳ್ಳಿ. ತಿಂಡಿ ಡಬ್ಬಿ, ನೀರು, ಟೋಪಿ ಕಡ್ಡಾಯ. ಆಧಾರ್ ಕಾರ್ಡಿನ ಪ್ರತಿ, ಶಾಲೆಯ ಚೀಟಿ, ಹಳೆ ರಿಪೋರ್ಟಿದ್ದರೆ ಅದು, ಎಲ್ಲವನ್ನೂ ಒಂದೇ ಫೈಲಿಗೆ ಹಾಕಿ.

ಆ ಕಾಯುವ ಹಾಲಿನಲ್ಲಿ ಕೂತು ನಾನು ಕಲಿತದ್ದು ಜಾಸ್ತಿ. ಪಕ್ಕದಲ್ಲಿ ಐದನೇ ಕ್ಲಾಸಿನ ಹುಡುಗ, ದೂರದ್ದು ಮಂಜಾಗುವ ಮೈನಸ್ ನಂಬರ್ ಪ್ರತಿ ವರ್ಷ ಏರುತ್ತಿದೆ. ಅದು ಏರುವುದನ್ನು ನಿಧಾನ ಮಾಡಲು ಅವನಿಗೆ ರಾತ್ರಿ ಹಾಕುವ ತೀರಾ ತೆಳುವಾದ ಅಟ್ರೋಪಿನ್ ಡ್ರಾಪ್ಸ್ ಕೊಟ್ಟಿದ್ದರು. ಜೊತೆಗೆ ದಿನಕ್ಕೆ ಎರಡು ಗಂಟೆ ಬಿಸಿಲು ಬೆಳಕಿನಲ್ಲಿ ಹೊರಗೆ ಆಡಬೇಕು ಅಂದಿದ್ದರಂತೆ. "ಅಪಾರ್ಟ್‌ಮೆಂಟಲ್ಲಿ ಚೆಂಡು ಆಡಿದ್ರೆ ಸೆಕ್ಯುರಿಟಿ ಬಯ್ತಾರೆ, ಎಲ್ಲಿ ಆಡಿಸೋದು ಹೇಳಿ" ಅಂತ ಅವರಮ್ಮನ ಗೋಳು. ಬೆಂಗಳೂರಿನಲ್ಲಿ ಇದು ಸುಳ್ಳಲ್ಲ ಅಲ್ವಾ?

ಇನ್ನೊಂದು ಮಗು ಎರಡೂ ಕಣ್ಣು ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿತ್ತು. ಧೂಳಿನ ಅಲರ್ಜಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡ್ರಾಪ್ಸನ್ನು ತಿಂಗಳುಗಟ್ಟಲೆ ಹಾಕಿದ್ದರು, ಅದರಲ್ಲಿ ಸ್ಟಿರಾಯ್ಡ್ ಇತ್ತು. ಸ್ಟಿರಾಯ್ಡ್ ಡ್ರಾಪ್ಸ್ ಹಾಗೆ ಬಹಳ ಕಾಲ ಹಾಕಿದರೆ ಕಣ್ಣಿನ ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಡಾಕ್ಟರು ಹೇಳದೆ ಕಣ್ಣಿಗೆ ಏನನ್ನೂ ಹಾಕಬೇಡಿ ಎಂದು ಅಲ್ಲಿಯ ನರ್ಸಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು. ಮತ್ತೊಬ್ಬರು ಮಗುವಿನ ಮೆಳ್ಳೆಗಣ್ಣು ಅದೃಷ್ಟ ಎಂದು ಮನೆಯವರು ಎರಡು ವರ್ಷ ತೋರಿಸಲು ಬಿಡಲಿಲ್ಲ ಅಂದರು. ಓರೆಯಾದ ಕಣ್ಣನ್ನು ಮಿದುಳು ಕೈಬಿಡುತ್ತದೆ, ಆಗ ದೃಷ್ಟಿಯೂ ಹೋಗುತ್ತದೆ. ಅದೃಷ್ಟ ಎಲ್ಲಿ ಬಂತು ಇದರಲ್ಲಿ?

ಒಳಗೆ ಪರೀಕ್ಷೆ ಇವಳಿಗೆ ಆಟದಂತಿತ್ತು. ಕಪ್ಪು ಕನ್ನಡಕ ಹಾಕಿಸಿ ಒಂದು ದೊಡ್ಡ ನೊಣದ ಚಿತ್ರ ತೋರಿಸಿ ರೆಕ್ಕೆ ಹಿಡಿ ಎಂದರು. ಎರಡು ಕಣ್ಣೂ ಒಟ್ಟಿಗೆ ಕೆಲಸ ಮಾಡಿದರೆ ನೊಣದ ರೆಕ್ಕೆ ಪುಸ್ತಕದಿಂದ ಮೇಲೆದ್ದ ಹಾಗೆ ಕಾಣುತ್ತದೆ, ಮಕ್ಕಳು ಗಾಳಿಯಲ್ಲೇ ಹಿಡಿಯಲು ಹೋಗುತ್ತಾರೆ. ಇವಳು ಬೆರಳನ್ನು ಸೀದಾ ಕಾಗದದ ಮೇಲಿಟ್ಟಳು. ಡಾಕ್ಟರು ಏನೋ ಬರೆದುಕೊಂಡರು. ನನ್ನ ಎದೆ ಧಸಕ್ಕೆಂದದ್ದು ಆಗ. ಚೀಟಿ ನೋಡಿದಾಗಲೂ ಅಷ್ಟು ಹೆದರಿರಲಿಲ್ಲ.

ಅವತ್ತೇ ಕನ್ನಡಕ ಸಿಗುತ್ತದೆ ಅಂದುಕೊಂಡಿದ್ದೆವು. ಸಿಗಲಿಲ್ಲ. ಅಟ್ರೋಪಿನ್ ಮುಲಾಮು ಬರೆದುಕೊಟ್ಟು, ಮೂರು ದಿನ ಮನೆಯಲ್ಲಿ ಹಚ್ಚಿ ಆಮೇಲೆ ಬನ್ನಿ ಅಂದರು. ದೊಡ್ಡ ಮಕ್ಕಳಿಗೆ ಆಸ್ಪತ್ರೆಯಲ್ಲೇ ಡ್ರಾಪ್ಸ್ ಹಾಕಿ ಮುಗಿಸುತ್ತಾರೆ. ಚಿಕ್ಕವರಿಗೆ, ಅದರಲ್ಲೂ ಪ್ಲಸ್ ನಂಬರ್ ಅನುಮಾನ ಇದ್ದರೆ, ಈ ಮುಲಾಮು.

ಇದರ ಬಗ್ಗೆ ಯಾರೂ ಮೊದಲೇ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಕಣ್ಣಿನ ಪಾಪೆ ದೊಡ್ಡದಾಗುತ್ತದೆ, ಬಿಸಿಲು ತಡೆಯಲು ಆಗುವುದಿಲ್ಲ, ಹತ್ತಿರದ್ದು ಮಂಜು ಮಂಜು. ಮುಲಾಮು ನಿಲ್ಲಿಸಿದ ಮೇಲೂ ಇದು ಒಂದೆರಡು ವಾರ ಇರುತ್ತದೆ. ಹಾಗಾಗಿ ಪರೀಕ್ಷೆ, ಸ್ಪೋರ್ಟ್ಸ್ ಡೇ, ಊರಿನ ಜಾತ್ರೆ ನೋಡಿಕೊಂಡು ದಿನ ಆರಿಸಿ. ಟೀಚರಿಗೆ ಒಂದು ಚೀಟಿ ಬರೆಯಿರಿ, ಇಲ್ಲದಿದ್ದರೆ ಬರೆಯಲು ಆಗದ್ದಕ್ಕೆ ಮಗು ಬೈಸಿಕೊಳ್ಳುತ್ತದೆ. ಮುಖ ಕೆಂಪಾಗಿ ಮೈ ಬಿಸಿಯಾದರೆ, ಬಾಯಿ ಒಣಗಿದರೆ, ಮಗು ಏನೇನೋ ಮಾತಾಡಿದರೆ ಹಚ್ಚುವುದು ನಿಲ್ಲಿಸಿ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಹಚ್ಚಿದ ಮೇಲೆ ಕೈ ಸೋಪಲ್ಲಿ ತೊಳೆಯಿರಿ. ನಮ್ಮೆಜಮಾನರು ಬಟ್ಟೆಯಲ್ಲಿ ಒರೆಸಿಕೊಂಡು ಅದೇ ಬೆರಳಲ್ಲಿ ಕಣ್ಣು ಉಜ್ಜಿದ್ದಾರೆ. ಮಾರನೇ ದಿನ ಆಫೀಸಿನಲ್ಲಿ ಒಂದು ಪಾಪೆ ದೊಡ್ಡದು, ಒಂದು ಚಿಕ್ಕದು. ಸಹೋದ್ಯೋಗಿಗಳು ಸ್ಟ್ರೋಕ್ ಇರಬಹುದೆಂದು ಹೆದರಿಸಿಬಿಟ್ಟರು.

ಮುಂದಿನ ಭೇಟಿಯಲ್ಲಿ ಬೆಳಕಿನ ಗೆರೆ ಬಿಟ್ಟು, ಲೆನ್ಸ್ ಮೇಲೆ ಲೆನ್ಸ್ ಹಿಡಿದು ನೋಡಿದರು. ಬಲಗಣ್ಣು ಪ್ಲಸ್ 1, ಎಡಗಣ್ಣು ಪ್ಲಸ್ 4.5, ಜೊತೆಗೆ ಸ್ವಲ್ಪ ಸಿಲಿಂಡರ್, ಅಂದರೆ ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ್ದಕ್ಕೆ ಕೊಡುವ ನಂಬರ್. ಎರಡು ಕಣ್ಣಿನ ನಡುವೆ ಇಷ್ಟು ಅಂತರ ಇದ್ದರೆ ಮಿದುಳು ಸ್ಪಷ್ಟ ಚಿತ್ರ ಕೊಡುವ ಕಣ್ಣಿನ ಮಾತನ್ನೇ ಕೇಳುತ್ತದೆ. ಇನ್ನೊಂದು ಕಣ್ಣಿನಲ್ಲಿ ರೋಗ ಇರುವುದಿಲ್ಲ, ಆದರೆ ಅದು ನೋಡಲು ಕಲಿಯುವುದೇ ಇಲ್ಲ. ಇದಕ್ಕೆ ಆಂಬ್ಲಿಯೋಪಿಯಾ ಎನ್ನುತ್ತಾರೆ, ಜನ ಸೋಮಾರಿ ಕಣ್ಣು ಎನ್ನುತ್ತಾರೆ. ಏಳು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಚೆನ್ನಾಗಿ ಫಲ ಸಿಗುತ್ತದೆ. ಆಮೇಲೂ ಬಿಡಬಾರದು, ಹತ್ತು ಹನ್ನೆರಡು ವರ್ಷದ ಎಷ್ಟೋ ಮಕ್ಕಳಿಗೂ ಸುಧಾರಿಸಿದೆ ಎಂದು ಡಾಕ್ಟರು ಹೇಳಿದರು.

ಆಗಲೂ ಕನ್ನಡಕ ಬರೆಯಲಿಲ್ಲ. ಪಾಪೆ ಮಾಮೂಲಿಗೆ ಬಂದ ಮೇಲೆ ಮತ್ತೆ ಬರಬೇಕು, ಆಗ ಇನ್ನೊಮ್ಮೆ ನೋಡಿ ಬರೆಯುತ್ತೇವೆ ಅಂದರು. ಫೈಲಿನಲ್ಲಿ ಇದನ್ನು ಪಿಎಂಟಿ ಎಂದು ಬರೆದಿರುತ್ತಾರೆ. ಕೆಲವು ಡಾಕ್ಟರು ಇದಿಲ್ಲದೆಯೂ ಬರೆಯುತ್ತಾರೆ. ಸುಮ್ನೆ ಓಡಾಡಿಸುತ್ತಿದ್ದಾರೆ ಅಂತ ನನಗೆ ಕೋಪ ಬಂದಿತ್ತು. ಕಾರಣ ಕೇಳಿದ ಮೇಲೆ ಕೋಪ ಇಳಿಯಿತು, ರಜೆ ಮಾತ್ರ ಖಾಲಿಯಾಯಿತು.

ಕನ್ನಡಕದ ಅಂಗಡಿ ಇನ್ನೊಂದು ಕಥೆ. ಮಕ್ಕಳಿಗೆ ಪಾಲಿಕಾರ್ಬೊನೇಟ್ ಲೆನ್ಸ್ ಕೇಳಿ, ಬಿದ್ದರೆ ಚೂರಾಗುವುದಿಲ್ಲ. ಫ್ರೇಮು ಮೂಗಿನ ಮೇಲಿಂದ ಜಾರಬಾರದು, ಕಣ್ಣು ಲೆನ್ಸಿನ ನಡುವಿಗೆ ಬರಬೇಕು, ಕಿವಿ ಹಿಂದೆ ಒಂದು ಪಟ್ಟಿ ಇದ್ದರೆ ಒಳ್ಳೆಯದು. ನೀಲಿ ಬೆಳಕು ತಡೆಯುವ ಬ್ಲೂ ಕಟ್ ಲೆನ್ಸ್ ಹಾಕಿಸಿ ಎಂದು ಅಂಗಡಿಯವರು ಬಹಳ ಒತ್ತಾಯ ಮಾಡಿದರು. ಅಮೆರಿಕದ ನೇತ್ರತಜ್ಞರ ಅಕಾಡೆಮಿಯೇ ಅದನ್ನು ಬೇಕು ಅನ್ನುವುದಿಲ್ಲ. ನಮ್ಮ ಡಾಕ್ಟರೂ ಬೇಡ ಅಂದಿದ್ದರು, ನಾವು ಬೇಡ ಅಂದೆವು. ದುಡ್ಡು ಉಳಿಯಿತು.

ಕನ್ನಡಕ ಬಂತು. ಮಗು ಹಾಕಿಕೊಂಡ ತಕ್ಷಣ ತಲೆ ತಿರುಗುತ್ತದೆ ಅಂದಳು. ಹೊಸದು, ಹಾಗೇ ಇರುತ್ತದೆ, ಅಭ್ಯಾಸವಾಗುತ್ತದೆ ಎಂದು ಅಂಗಡಿಯವರ ಉತ್ತರ. ಕನ್ನಡಕ ಮಾಡಿಸಿದ ಮೇಲೆ ತಂದು ತೋರಿಸಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಿಂದ ತೆಗೆದುಕೊಂಡು ಹೋದೆವು. ಯಂತ್ರದಲ್ಲಿಟ್ಟು ನೋಡಿದರೆ ಸಿಲಿಂಡರಿನ ಆಕ್ಸಿಸ್, ಅಂದರೆ ಅದನ್ನು ಕೂರಿಸುವ ಕೋನ, 180 ಇರಬೇಕಾದಲ್ಲಿ 80 ಇದೆ! ಚೀಟಿಯ ಒಂದು ಅಂಕಿ ಅಂಗಡಿಯಲ್ಲಿ ಮಾಯವಾಗಿತ್ತು. ಅಂಗಡಿಯವರು ಮೊದಲು ವಾದ ಮಾಡಿದರು, ಆಸ್ಪತ್ರೆಯ ಚೀಟಿ ತೋರಿಸಿದ ಮೇಲೆ ಪುಕ್ಕಟೆ ಬದಲಿಸಿಕೊಟ್ಟರು. ಎರಡು ವಾರ ಅಲ್ಲಿ ಹೋಯಿತು. ಹೊಸ ಕನ್ನಡಕವನ್ನು ಆಸ್ಪತ್ರೆಯಲ್ಲಿ ತೋರಿಸದೆ ಹಾಕಿಸಲೇಬೇಡಿ. ಬಿಲ್ಲೂ ಎಸೆಯಬೇಡಿ.

ಆಮೇಲೆ ಕೆಲವು ತಿಂಗಳು ಬರೀ ಕನ್ನಡಕ, ಎದ್ದಾಗಿನಿಂದ ಮಲಗುವ ತನಕ. ಪ್ಯಾಚ್ ಯಾವಾಗ ಎಂದು ನಾವು ಅವಸರ ಮಾಡಿದರೆ ಡಾಕ್ಟರು ಬೇಡ ಅಂದರು. ಸರಿಯಾದ ಕನ್ನಡಕ ಒಂದರಿಂದಲೇ ಕೆಲವು ಮಕ್ಕಳು ಪೂರ್ತಿ ಸರಿಹೋಗುತ್ತಾರಂತೆ. ನಮ್ಮವಳು 6/36ರಿಂದ 6/18ಕ್ಕೆ ಬಂದಳು, ಅಲ್ಲಿ ನಿಂತಳು. ಆಗ ಪ್ಯಾಚ್ ಬಂತು.

ಪ್ಯಾಚ್ ಹಾಕುವುದು ಚೆನ್ನಾಗಿರುವ ಬಲಗಣ್ಣಿಗೆ, ದಿನಕ್ಕೆ ಎರಡು ಗಂಟೆ. ಮಧ್ಯಮ ಮಟ್ಟದ ತೊಂದರೆಗೆ ಎರಡು ಗಂಟೆ ಮತ್ತು ಆರು ಗಂಟೆ ಎರಡೂ ಒಂದೇ ಫಲ ಕೊಡುತ್ತವೆ ಎಂದು 2003ರಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಎರಡು ಗಂಟೆ ಏನು ಮಹಾ ಅನ್ನಿಸುತ್ತದೆ. ಮೊದಲ ವಾರ ನಮ್ಮ ಮನೆ ರಣರಂಗ. ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚಿ, ಕಾಣದ ಕಣ್ಣಲ್ಲಿ ನೋಡು ಅಂದರೆ ಯಾರು ತಾನೇ ಸುಮ್ಮನಿರುತ್ತಾರೆ? ಕಿತ್ತು ಎಸೆದಳು, ಅತ್ತಳು, ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಪ್ಯಾಚಿನ ಅಂಚು ಎತ್ತಿ ಇಣುಕಿದಳು. "ಪಾಪ ಮಗು, ಬಿಡ್ರೇ ಅದನ್ನ" ಎಂದು ಅತ್ತೆ ಕಣ್ಣಲ್ಲಿ ನೀರು ತಂದುಕೊಂಡರು. ಮನೆಯವರೆಲ್ಲ ಒಂದೇ ಮಾತು ಆಡದಿದ್ದರೆ ಇದು ನಡೆಯುವುದಿಲ್ಲ. ಮುಂದಿನ ಭೇಟಿಗೆ ಅತ್ತೆಯನ್ನೂ ಕರೆದುಕೊಂಡು ಹೋದೆ. ಡಾಕ್ಟರು ಅವರಿಗೆ ತಾಳ್ಮೆಯಿಂದ ವಿವರಿಸಿದರು. ಅವತ್ತಿನಿಂದ ಪ್ಯಾಚಿನ ಉಸ್ತುವಾರಿ ಅವರದ್ದೇ, ನನಗಿಂತ ಕಟ್ಟುನಿಟ್ಟು. ತಮ್ಮ ಬಿಂದಿ ಪ್ಯಾಕೆಟ್ಟನ್ನು ಪ್ಯಾಚಿನ ಅಲಂಕಾರಕ್ಕೆ ಧಾರೆ ಎರೆದರು.

ಪ್ಯಾಚ್ ಅಂಟಿಸಬೇಕಾದ್ದು ಚರ್ಮಕ್ಕೆ, ಅದರ ಮೇಲೆ ಕನ್ನಡಕ. ಕನ್ನಡಕಕ್ಕೆ ತೊಡಿಸುವ ಬಟ್ಟೆಯ ಪ್ಯಾಚೂ ಸಿಗುತ್ತದೆ, ಆದರೆ ಮಕ್ಕಳು ಪಕ್ಕದಿಂದ ನೋಡಿಬಿಡುತ್ತಾರೆ. ಬೇಸಿಗೆಯಲ್ಲಿ ಬೆವರಿ ಅಂಟು ಕಿತ್ತು ಬರುತ್ತದೆ, ಕೆಲವರಿಗೆ ಚರ್ಮ ಕೆಂಪಾಗುತ್ತದೆ. ಬಿಚ್ಚುವಾಗ ಅಂಚಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ನೋಯದೆ ಬರುತ್ತದೆ. ಹೊತ್ತು ನಮಗೆ ಒಗ್ಗಿದ್ದು ಸಂಜೆ, ಹಾಲು ಕುಡಿದ ಮೇಲೆ. ಶಾಲೆಗೆ ಹಾಕಿ ಕಳಿಸಲಿಲ್ಲ, ಮೆಟ್ಟಿಲು, ರಸ್ತೆ ಎಲ್ಲ ಅಪಾಯ. ಪ್ಯಾಚ್ ಇದ್ದಾಗ ಸೈಕಲ್ಲೂ ಬೇಡ. ಆ ಹೊತ್ತಿನಲ್ಲಿ ಹತ್ತಿರದ ಕೆಲಸ ಕೊಡಿ: ಬಣ್ಣ ತುಂಬುವುದು, ಮಣಿ ಪೋಣಿಸುವುದು, ಓದುವುದು. ನಮ್ಮಲ್ಲಿ ಕೆಲಸಕ್ಕೆ ಬಂದದ್ದು ಚೌಕಾಬಾರ. ಕವಡೆ ಎಷ್ಟು ಬಿತ್ತು ಎಂದು ಬಗ್ಗಿ ನೋಡಲೇಬೇಕಲ್ಲ. ಮಾವನವರು ಬೇಕಂತಲೇ ಸೋಲುತ್ತಿದ್ದರು.

ತಪ್ಪಿದ ದಿನಗಳೂ ಇವೆ. ಕಡಲೆಕಾಯಿ ಪರಿಷೆಯ ಸಂಜೆ ಪ್ಯಾಚ್ ಹಾಕಿದರೆ ಬರುವುದೇ ಇಲ್ಲ ಅಂದಳು. ಅವತ್ತು ಬಿಟ್ಟೆವು. ಚಿಕ್ಕಮ್ಮನ ಮದುವೆಯಲ್ಲೂ ಬಿಟ್ಟೆವು. ಕೆಳಗಿನ ಮನೆಯ ಹುಡುಗ "ನಿನ್ನ ಕಣ್ಣು ಒಡೆದುಹೋಯ್ತಾ?" ಎಂದು ಕೇಳಿದ. "ಇಲ್ಲ, ಅದಕ್ಕೆ ರಜಾ" ಅಂದಳು. ಅವನೂ ತನಗೊಂದು ಪ್ಯಾಚ್ ಬೇಕೆಂದು ಅವರಮ್ಮನ ಹತ್ತಿರ ಹಟ ಮಾಡಿದನಂತೆ.

ಎರಡು ತಿಂಗಳಿಗೊಮ್ಮೆ ತೋರಿಸಬೇಕು, ಇದನ್ನು ತಪ್ಪಿಸಬೇಡಿ. ಮುಚ್ಚಿದ ಕಣ್ಣಿನ ದೃಷ್ಟಿ ಇಳಿಯುತ್ತಿದೆಯೇ ಎಂದೂ ನೋಡುತ್ತಾರೆ. 6/12ಕ್ಕೆ ಬಂದು ಬಹಳ ದಿನ ಅಲ್ಲೇ ನಿಂತಿತು. ನನಗೆ ಕೈಚೆಲ್ಲಿ ಕೂರುವಂತಾಗಿತ್ತು. ಡಾಕ್ಟರು ಹೊತ್ತು ಹೆಚ್ಚಿಸಿದರು. ಅದೂ ಆಗದಿದ್ದರೆ ಚೆನ್ನಾಗಿರುವ ಕಣ್ಣಿಗೆ ಅಟ್ರೋಪಿನ್ ಹಾಕಿ ಮಂಜು ಮಾಡುವ ದಾರಿಯೂ ಇದೆ ಅಂದರು. ಪ್ಯಾಚನ್ನು ಸುತರಾಂ ಒಪ್ಪದ ಮಕ್ಕಳಿದ್ದರೆ ಇದನ್ನು ಕೇಳಿ ನೋಡಿ. ನಮಗೆ ಬೇಕಾಗಲಿಲ್ಲ. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ 6/9 ಬಂತು. ನೊಣದ ರೆಕ್ಕೆಯನ್ನೂ ಗಾಳಿಯಲ್ಲಿ ಹಿಡಿದಳು, "ಛೀ" ಎಂದು ಕೈ ಒರೆಸಿಕೊಂಡಳು.

ಖರ್ಚಿನ ಮಾತು. ನಮಗೆ ಪ್ರತಿ ಭೇಟಿಗೆ ಏಳೆಂಟು ನೂರು ರೂಪಾಯಿ, ಕನ್ನಡಕಕ್ಕೆ ಮೂರು ಸಾವಿರದ ಆಸುಪಾಸು, ಪ್ಯಾಚ್ ಒಂದಕ್ಕೆ ಇಪ್ಪತ್ತರ ಹತ್ತಿರ. ಪ್ಯಾಚ್ ದಿನಕ್ಕೊಂದು ಬೇಕು, ತಿಂಗಳ ಲೆಕ್ಕ ಅಲ್ಲೇ ಏರುವುದು. ಡಬ್ಬಿಗಟ್ಟಲೆ ತಂದರೆ ಅಗ್ಗ. ಆದರೆ ಮೊದಲು ನಾಲ್ಕೈದು ತಂದು ಚರ್ಮಕ್ಕೆ ಒಗ್ಗುತ್ತದೆಯೇ ನೋಡಿ. ಆಟೋ ಖರ್ಚು ಬೇರೆ. ನಂಬರಿನ ಕನ್ನಡಕದ ಜಿಎಸ್‌ಟಿ 2025ರ ಸೆಪ್ಟೆಂಬರಿನಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ನೋಡಿಕೊಳ್ಳಿ. ಆಫೀಸಿನ ಇನ್ಶೂರೆನ್ಸ್ ಕೊಡುತ್ತದೆ ಎಂದು ನಂಬಿ ಬಿಲ್ಲುಗಳನ್ನು ಕಳಿಸಿದೆವು, ತಿರುಗಿ ಬಂದವು. ಅಡ್ಮಿಟ್ ಆಗದ ಖರ್ಚಿಗೆ ಬೇರೆ ಕವರ್ ಇರಬೇಕು. ಅಲ್ಲದೆ 7.5ಕ್ಕಿಂತ ಕಡಿಮೆ ನಂಬರಿನ ದೃಷ್ಟಿದೋಷ ಸರಿಪಡಿಸುವ ಖರ್ಚನ್ನು ಹೆಚ್ಚಿನ ಪಾಲಿಸಿಗಳು ನಿಯಮದಲ್ಲೇ ಹೊರಗಿಟ್ಟಿವೆ.

ಪ್ಯಾಚನ್ನು ಒಮ್ಮೆಗೇ ನಿಲ್ಲಿಸಲಿಲ್ಲ. ಹೊತ್ತು ಕಡಿಮೆ ಮಾಡುತ್ತಾ ಬಂದು, ಆಮೇಲೆ ದಿನ ಬಿಟ್ಟು ದಿನ, ಈಗ ಪೂರ್ತಿ ಬಂದ್. ನಿಲ್ಲಿಸಿದ ಮೊದಲ ವರ್ಷದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ದೃಷ್ಟಿ ಮತ್ತೆ ಇಳಿಯುತ್ತದಂತೆ, ಆಗ ಮತ್ತೆ ಪ್ಯಾಚ್. ಹಾಗಾಗಿ ಉಳಿದ ಡಬ್ಬಿಯನ್ನು ಯಾರಿಗೂ ಕೊಟ್ಟಿಲ್ಲ. ಕನ್ನಡಕ ಹೇಗೂ ಬಿಡುವಂತಿಲ್ಲ. ಮುಂದಿನ ಭೇಟಿಯಲ್ಲಿ ಮತ್ತೆ ಡ್ರಾಪ್ಸ್ ಹಾಕಿ ನಂಬರ್ ನೋಡುತ್ತಾರೆ, ಬಹುಶಃ ಲೆನ್ಸ್ ಬದಲಾಗುತ್ತದೆ. ನೇರಳೆ ಫ್ರೇಮೇ ಬೇಕು ಎಂದು ಈಗಲೇ ಹೇಳಿದ್ದಾಳೆ. ಅಂಗಡಿ ಈ ಸಲ ಬೇರೆ.